ಮೆಮೊರಿ ಮುಗಿದಾಗ ಕಂಪ್ಯೂಟರ್ ಏನು ಮಾಡುತ್ತದೆ, ನಾವೇನು ಮಾಡಬೇಕು

ಎರಡು ಪ್ರಶ್ನೆಗಳು ಪದೇ ಪದೇ ಬರುತ್ತಿರುತ್ತವೆ. ಮೊದಲನೆಯದು: "ಬ್ರೌಸರ್‌ನಲ್ಲಿ ಒಂದಷ್ಟು ಟ್ಯಾಬ್ ತೆರೆದಿದ್ದೆ. ಇದ್ದಕ್ಕಿದ್ದಂತೆ ಎಲ್ಲ ನಿಂತುಹೋಯಿತು, ಮೌಸ್ ಕೂಡ ಅಲುಗಲಿಲ್ಲ. ಪವರ್ ಬಟನ್ ಒತ್ತಿ ಹಿಡಿದು ಆರಿಸಬೇಕಾಯಿತು. ಯಾಕೆ?" ಎರಡನೆಯದು: "ರಾತ್ರಿಯಿಡೀ ಓಡಲಿ ಅಂತ ಬಿಟ್ಟ ಪ್ರೋಗ್ರಾಂ ಬೆಳಗ್ಗೆ ನೋಡಿದರೆ ಇಲ್ಲ. ಎರರ್ ಕೂಡ ಬಂದಿಲ್ಲ. ಏನಾಯಿತು?"

ಎರಡಕ್ಕೂ ಕಾರಣ ಒಂದೇ, ಮೆಮೊರಿ ಸಾಲಲಿಲ್ಲ. ಆದರೆ ಮೊದಲನೆಯದರಲ್ಲಿ ಓಎಸ್, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ, ಯಾವ ಪ್ರೋಗ್ರಾಂ ಅನ್ನೂ ಮುಚ್ಚದೆ ಒದ್ದಾಡಿತು. ಎರಡನೆಯದರಲ್ಲಿ ಒಬ್ಬರನ್ನು ಮುಚ್ಚಿ ಉಳಿದವರನ್ನು ಉಳಿಸಿತು. ನನ್ನ ಮಟ್ಟಿಗೆ ಎರಡನೆಯದೇ ಒಳ್ಳೆಯದು, ಆದರೆ ಯಾರನ್ನು ಮುಚ್ಚಬೇಕು ಎಂಬುದನ್ನು ನಾವು ಮೊದಲೇ ಹೇಳಿಟ್ಟಿರಬೇಕು. ಈ ಲೇಖನದ ಹೆಚ್ಚಿನ ಭಾಗ ಅದನ್ನು ಹೇಳಿಡುವುದು ಹೇಗೆ ಎಂಬುದರ ಬಗ್ಗೆಯೇ.

ಹಂತಗಳೆಲ್ಲ ಲಿನಕ್ಸ್‌ಗೆ ಸಂಬಂಧಿಸಿದವು. ವಿಂಡೋಸ್, ಮ್ಯಾಕ್ ಮತ್ತು ಫೋನ್ ಬಗ್ಗೆ ಕೊನೆಯ ಕಡೆ ಬರೆದಿದ್ದೇನೆ. ನಿಮಗೆ ಬೇಕಾಗುವುದು ಒಂದು ಟರ್ಮಿನಲ್ ಮತ್ತು ಅಡ್ಮಿನ್ ಪಾಸ್‌ವರ್ಡ್. ಕಮಾಂಡ್‌ಗಳ ಹೆಸರನ್ನು ಉಚ್ಚಾರಣೆಯಂತೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣಕ್ಷರ ಬಳಸಿ. ಮುಂದೆ ಬರುವ ಮೆಮೊರಿಮ್ಯಾಕ್ಸ್, ಮೆಮೊರಿಹೈ, ಮೆಮೊರಿಸ್ವಾಪ್‌ಮ್ಯಾಕ್ಸ್ ಹೆಸರುಗಳಲ್ಲಿ ಮಾತ್ರ ಪ್ರತಿ ಪದದ ಮೊದಲ ಅಕ್ಷರ ದೊಡ್ಡದಿರಬೇಕು.

ಮೊದಲು ಗೊತ್ತಿರಬೇಕಾದ ಕೆಲವು ಪದಗಳು

ಪೇಜ್: ಓಎಸ್ ಮೆಮೊರಿಯನ್ನು ಹಂಚುವುದು ಸಣ್ಣ ತುಂಡುಗಳಲ್ಲಿ. ಒಂದು ತುಂಡಿಗೆ ಪೇಜ್ ಎಂದು ಹೆಸರು. ಸಾಮಾನ್ಯ ಇಂಟೆಲ್, ಎಎಂಡಿ ಕಂಪ್ಯೂಟರ್‌ಗಳಲ್ಲಿ ಇದು 4 ಕೆಬಿ, ಆಪಲ್‌ನ ಸ್ವಂತ ಚಿಪ್ ಇರುವ ಮ್ಯಾಕ್‌ಗಳಲ್ಲಿ 16 ಕೆಬಿ.

ಸ್ವಾಪ್: ಸದ್ಯಕ್ಕೆ ಬೇಡದ ಪೇಜ್‌ಗಳನ್ನು ರ‍್ಯಾಮ್‌ನಿಂದ (ಅಂದರೆ ಕಂಪ್ಯೂಟರ್‌ನ ಮುಖ್ಯ ಮೆಮೊರಿಯಿಂದ) ಎತ್ತಿ ಇಡಲು ಡಿಸ್ಕ್‌ನಲ್ಲಿ ಕಾದಿಟ್ಟ ಜಾಗ.

ಪೇಜ್ ಕ್ಯಾಶ್: ಒಮ್ಮೆ ಓದಿದ ಫೈಲನ್ನು ಮತ್ತೆ ಬೇಗ ಸಿಗಲಿ ಅಂತ ಓಎಸ್ ರ‍್ಯಾಮ್‌ನಲ್ಲೇ ಇಟ್ಟುಕೊಳ್ಳುವ ಪ್ರತಿ. ಜಾಗ ಬೇಕಾದಾಗ ಇದನ್ನು ಬಿಟ್ಟುಕೊಡಬಹುದು.

ಓವರ್‌ಕಮಿಟ್: ಇರುವುದಕ್ಕಿಂತ ಜಾಸ್ತಿ ಮೆಮೊರಿ ಕೊಡುತ್ತೇನೆ ಎಂದು ಒಪ್ಪಿಕೊಳ್ಳುವುದು. ಪ್ರೋಗ್ರಾಂ 10 ಜಿಬಿ ಕೇಳಿದರೆ ಲಿನಕ್ಸ್ ಸಾಮಾನ್ಯವಾಗಿ "ತಗೋ" ಅನ್ನುತ್ತದೆ. ಆದರೆ ಆ ಕ್ಷಣದಲ್ಲಿ ನಿಜವಾದ ರ‍್ಯಾಮ್ ಕೊಟ್ಟಿರುವುದಿಲ್ಲ. ಪ್ರೋಗ್ರಾಂ ಒಂದು ಪೇಜ್‌ನಲ್ಲಿ ಮೊದಲ ಸಲ ಏನಾದರೂ ಬರೆದಾಗ ಮಾತ್ರ ಆ ಪೇಜ್‌ಗೆ ರ‍್ಯಾಮ್ ಸಿಗುತ್ತದೆ. ಹೆಚ್ಚಿನ ಪ್ರೋಗ್ರಾಂಗಳು ಕೇಳಿದಷ್ಟನ್ನೂ ಬಳಸುವುದಿಲ್ಲ, ಹಾಗಾಗಿ ದಿನನಿತ್ಯ ಇದು ಚೆನ್ನಾಗಿಯೇ ನಡೆಯುತ್ತದೆ. ಎಲ್ಲರೂ ಒಟ್ಟಿಗೆ ಬಳಸಲು ಶುರು ಮಾಡಿದ ದಿನ ಕಷ್ಟ. ಆಗ "ಇಲ್ಲ" ಎಂದು ಹೇಳುವ ಅವಕಾಶ ದಾಟಿಹೋಗಿರುತ್ತದೆ, ಯಾಕೆಂದರೆ ಮೊದಲೇ ಒಪ್ಪಿಕೊಂಡಾಗಿದೆ. ಮುಂದೆ ಬರುವ ಎಲ್ಲ ಗೊಂದಲಕ್ಕೂ ಬೇರು ಇದು.

ಹಂತ 1: ಮೆಮೊರಿ ನಿಜವಾಗಿಯೂ ಮುಗಿದಿದೆಯೇ ನೋಡಿ

"ಫ್ರೀ -ಎಚ್" ಎಂದು ಕೊಡಿ. ಫ್ರೀ ಎಂಬ ಕಾಲಂ ನೋಡಿ ಗಾಬರಿಯಾಗಬೇಡಿ. ಅದು ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ, ಇರಬೇಕಾದದ್ದೂ ಹಾಗೆಯೇ. ಖಾಲಿ ಬಿದ್ದಿರುವ ರ‍್ಯಾಮ್‌ನಿಂದ ಯಾರಿಗೂ ಉಪಯೋಗವಿಲ್ಲ, ಅಲ್ವಾ? ಓಎಸ್ ಅದನ್ನು ಪೇಜ್ ಕ್ಯಾಶ್‌ಗೆ ಬಳಸಿಕೊಳ್ಳುತ್ತದೆ.

ನೀವು ನೋಡಬೇಕಾದದ್ದು ಕೊನೆಯ ಕಾಲಂ, ಅವೈಲಬಲ್. ಹೊಸ ಪ್ರೋಗ್ರಾಂಗೆ ಸ್ವಾಪ್ ಮುಟ್ಟದೆ ಎಷ್ಟು ಕೊಡಬಹುದು ಎಂಬ ಕರ್ನಲ್‌ನ ಅಂದಾಜು ಅದು. ಕರ್ನಲ್ ಅಂದರೆ ಓಎಸ್‌ನ ತಿರುಳು, ಮೆಮೊರಿ ಹಂಚುವುದು ಅದರದೇ ಕೆಲಸ. ಈ ಅಂದಾಜು ಲಿನಕ್ಸ್ 3.14ರಲ್ಲಿ, ಅಂದರೆ 2014ರಲ್ಲಿ ಬಂತು. ಅದಕ್ಕೂ ಹಿಂದಿನ ಸಲಹೆಗಳು ಫ್ರೀಗೆ ಕ್ಯಾಶ್ ಕೂಡಿಸಿ ಲೆಕ್ಕ ಹಾಕಲು ಹೇಳುತ್ತವೆ. ಅವುಗಳನ್ನು ಬಿಟ್ಟುಬಿಡಿ.

ಎಚ್ಚರಿಕೆ: ಕ್ಯಾಶ್ ಖಾಲಿ ಮಾಡುವ ಕಮಾಂಡ್, ರ‍್ಯಾಮ್ ಕ್ಲೀನರ್ ಆ್ಯಪ್ ಇವನ್ನೆಲ್ಲ ಬಳಸಬೇಡಿ. ಫ್ರೀ ಕಾಲಂನ ಸಂಖ್ಯೆ ದೊಡ್ಡದಾಗುತ್ತದೆ ಅಷ್ಟೇ. ಬಿಸಾಡಿದ ಫೈಲ್‌ಗಳನ್ನು ಮತ್ತೆ ಡಿಸ್ಕ್‌ನಿಂದ ಓದಬೇಕಾಗಿ ಬಂದು ಕಂಪ್ಯೂಟರ್ ಇನ್ನೂ ನಿಧಾನವಾಗುತ್ತದೆ.

ಹಂತ 2: ಒತ್ತಡ ಅಳೆಯಿರಿ

ಮೆಮೊರಿ ತುಂಬಿದೆ ಎಂಬುದಷ್ಟೇ ತೊಂದರೆಯಲ್ಲ. ತುಂಬಿದ ಮೇಲೆ ಪೇಜ್‌ಗಳು ಹೋಗಿ ಬಂದು ಮಾಡತೊಡಗಿದಾಗ ತೊಂದರೆ ಶುರು. ಒಂದು ಪೇಜ್ ತರಲು ಇನ್ನೊಂದನ್ನು ಹೊರಗೆ ಹಾಕಬೇಕು. ಹೊರಗೆ ಹಾಕಿದ್ದೇ ಮರುಕ್ಷಣ ಬೇಕಾಗುತ್ತದೆ. ಇದಕ್ಕೆ ಥ್ರ್ಯಾಶಿಂಗ್ ಎನ್ನುತ್ತಾರೆ. ಪೀಟರ್ ಡೆನಿಂಗ್ ಎಂಬ ಕಂಪ್ಯೂಟರ್ ವಿಜ್ಞಾನಿ 1968ರಲ್ಲೇ ಇದರ ಬಗ್ಗೆ ಬರೆದಿದ್ದರು.

ಇದು ಕಂಪ್ಯೂಟರನ್ನು ಅಷ್ಟು ಕೆಟ್ಟದಾಗಿ ಯಾಕೆ ನಿಲ್ಲಿಸುತ್ತದೆ? ವೇಗದ ಅಂತರ ನೋಡಿ. ರ‍್ಯಾಮ್‌ನಿಂದ ಓದಲು ಸುಮಾರು 100 ನ್ಯಾನೋಸೆಕೆಂಡ್ ಬೇಕು. ಎಸ್‌ಎಸ್‌ಡಿಯಿಂದ ಓದಲು ಅದರ ಸುಮಾರು ಸಾವಿರ ಪಟ್ಟು. ತಿರುಗುವ ಹಾರ್ಡ್ ಡಿಸ್ಕ್ ಆದರೆ ಸುಮಾರು ಲಕ್ಷ ಪಟ್ಟು. ರ‍್ಯಾಮ್ ಓದಲು ಒಂದು ಸೆಕೆಂಡ್ ಹಿಡಿಯುತ್ತದೆ ಎಂದುಕೊಂಡರೆ ಎಸ್‌ಎಸ್‌ಡಿಗೆ ಕಾಲು ಗಂಟೆ ದಾಟುತ್ತದೆ, ಹಾರ್ಡ್ ಡಿಸ್ಕ್‌ಗೆ ಒಂದು ದಿನಕ್ಕಿಂತ ಜಾಸ್ತಿ. ಮೌಸ್ ಅಲುಗಿಸುವ ಕೋಡ್ ಕೂಡ ಇದೇ ಸಾಲಿನಲ್ಲಿ ನಿಂತು ಕಾಯುತ್ತಿರುತ್ತದೆ.

ಅಳೆಯಲು ಎರಡು ದಾರಿಗಳಿವೆ.

ಮೊದಲನೆಯದು "ವಿಎಂಸ್ಟ್ಯಾಟ್ 1". ಸೆಕೆಂಡಿಗೊಂದು ಸಾಲು ಬರುತ್ತದೆ. ಅದರಲ್ಲಿ ಎಸ್‌ಐ ಅಂದರೆ ಸ್ವಾಪ್‌ನಿಂದ ಒಳಗೆ ಬಂದದ್ದು, ಎಸ್‌ಒ ಅಂದರೆ ಹೊರಗೆ ಹೋದದ್ದು. ಆಗಾಗ ಎಸ್‌ಒ ಕಂಡರೆ ಚಿಂತೆ ಬೇಡ, ಬೇಡದ್ದನ್ನು ಎತ್ತಿಡುತ್ತಿದೆ. ಎರಡೂ ಬಿಡದೆ ದೊಡ್ಡ ಸಂಖ್ಯೆಯಲ್ಲಿದ್ದರೆ ಅದೇ ಥ್ರ್ಯಾಶಿಂಗ್. ಮೊದಲ ಸಾಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಅದು ಕಂಪ್ಯೂಟರ್ ಆನ್ ಆದಾಗಿನಿಂದ ಇಲ್ಲಿಯವರೆಗಿನ ಸರಾಸರಿ.

ಎರಡನೆಯದು ನನಗೆ ಹೆಚ್ಚು ಇಷ್ಟ. ಪ್ರಾಕ್ ಎಂಬ ಫೋಲ್ಡರ್‌ನೊಳಗೆ ಪ್ರೆಶರ್, ಅದರೊಳಗೆ ಮೆಮೊರಿ ಎಂಬ ಫೈಲ್ ಇದೆ. "ಕ್ಯಾಟ್" ಕಮಾಂಡ್‌ನಿಂದ ಅದನ್ನು ತೆರೆದು ನೋಡಿ. 2018ರ ಕೊನೆಯಲ್ಲಿ ಬಂದ ಲಿನಕ್ಸ್ 4.20ರಿಂದ ಇದು ಲಭ್ಯ. ಅದರಲ್ಲಿ ಎರಡು ಸಾಲು. ಸಮ್ ಎಂಬ ಸಾಲು, ಕನಿಷ್ಠ ಒಂದು ಕೆಲಸವಾದರೂ ಮೆಮೊರಿಗಾಗಿ ಕಾದು ನಿಂತಿದ್ದ ಸಮಯ ಶೇಕಡಾ ಎಷ್ಟು ಎಂದು ಹೇಳುತ್ತದೆ. ಫುಲ್ ಎಂಬ ಸಾಲು, ನಡೆಯಬೇಕಾದ ಎಲ್ಲ ಕೆಲಸಗಳೂ ಒಟ್ಟಿಗೆ ನಿಂತುಹೋಗಿದ್ದ ಸಮಯ. ಕಳೆದ 10, 60 ಮತ್ತು 300 ಸೆಕೆಂಡಿನ ಸರಾಸರಿ ಪಕ್ಕದಲ್ಲೇ ಇರುತ್ತದೆ. ಆರೋಗ್ಯವಾಗಿರುವ ಕಂಪ್ಯೂಟರ್‌ನಲ್ಲಿ ಎಲ್ಲವೂ ಸೊನ್ನೆ ಅಥವಾ ಅದರ ಆಸುಪಾಸು. ಫುಲ್‌ನ 10 ಸೆಕೆಂಡಿನ ಸರಾಸರಿ ಎರಡಂಕಿಗೆ ಏರಿತೆಂದರೆ ನಿಮಗೆ ಕೈಯಲ್ಲೇ ಗೊತ್ತಾಗುತ್ತದೆ, ಟೈಪ್ ಮಾಡಿದ ಅಕ್ಷರ ತಡವಾಗಿ ಬರುತ್ತದೆ.

ಇಲ್ಲಿ ತುಂಬಾ ಜನ ತಪ್ಪು ದಾರಿ ಹಿಡಿಯುತ್ತಾರೆ. "ಸ್ವಾಪ್‌ನಿಂದಲೇ ನಿಧಾನ ತಾನೇ, ಸ್ವಾಪ್ ತೆಗೆದುಬಿಟ್ಟರಾಯಿತು" ಅಂದುಕೊಳ್ಳುತ್ತಾರೆ. ಸ್ವಾಪ್ ಇಲ್ಲದಿದ್ದರೂ ಥ್ರ್ಯಾಶಿಂಗ್ ಆಗುತ್ತದೆ, ಕೆಲವೊಮ್ಮೆ ಇನ್ನೂ ಜೋರಾಗಿ ಆಗುತ್ತದೆ. ಓಡುತ್ತಿರುವ ಪ್ರೋಗ್ರಾಂಗಳ ಕೋಡ್ ಕೂಡ ಡಿಸ್ಕ್‌ನಲ್ಲಿರುವ ಫೈಲ್‌ನ ಪ್ರತಿಯೇ. ಪ್ರೋಗ್ರಾಂನ ಡೇಟಾವನ್ನು ಎತ್ತಿಡಲು ಸ್ವಾಪ್ ಇಲ್ಲ ಎಂದಾದಾಗ ಕರ್ನಲ್ ಈ ಕೋಡ್ ಪೇಜ್‌ಗಳನ್ನೇ ಬಿಸಾಡುತ್ತದೆ, ಮರುಕ್ಷಣ ಡಿಸ್ಕ್‌ನಿಂದ ಮತ್ತೆ ಓದುತ್ತದೆ. ವಾರದಿಂದ ಯಾರೂ ಮುಟ್ಟದ ಡೇಟಾ ರ‍್ಯಾಮ್‌ನಲ್ಲಿ ಆರಾಮಾಗಿ ಕೂತಿರುತ್ತದೆ. ಈಗ ಬೇಕಾದ ಕೋಡ್ ಹೊರಗೆ ಒಳಗೆ ಓಡಾಡುತ್ತಿರುತ್ತದೆ.

ಹಂತ 3: ಪ್ರೋಗ್ರಾಂ ಮಾಯವಾಗಿದ್ದರೆ ಲಾಗ್ ನೋಡಿ

ಯಾವ ದಾರಿಯೂ ಉಳಿಯದಿದ್ದಾಗ ಕರ್ನಲ್ ಒಂದು ಪ್ರೊಸೆಸ್ ಅನ್ನು, ಅಂದರೆ ಓಡುತ್ತಿರುವ ಒಂದು ಪ್ರೋಗ್ರಾಂ ಅನ್ನು ಆರಿಸಿ ಕೊಲ್ಲುತ್ತದೆ. ಈ ಭಾಗಕ್ಕೆ ಓಓಎಂ ಕಿಲ್ಲರ್ ಎಂದು ಹೆಸರು. ಓಓಎಂ ಅಂದರೆ ಔಟ್ ಆಫ್ ಮೆಮೊರಿ. ಅದು ಕಳಿಸುವುದು ಸಿಗ್‌ಕಿಲ್ ಎಂಬ ಸಂಕೇತ, ಸಂಖ್ಯೆ 9. ಇದನ್ನು ಯಾವ ಪ್ರೋಗ್ರಾಂ ಕೂಡ ತಡೆಯಲಾಗದು. ಫೈಲ್ ಉಳಿಸಲು, ಎರರ್ ಬರೆಯಲು ಸಮಯವೇ ಸಿಗುವುದಿಲ್ಲ. ಎರರ್ ಇಲ್ಲದೆ ಮಾಯವಾಗುವುದು ಇದರಿಂದಲೇ.

ಹುಡುಕುವುದು ಹೀಗೆ. "ಜರ್ನಲ್‌ಸಿಟಿಎಲ್ -ಕೆ" ಕೊಟ್ಟು, "ಔಟ್ ಆಫ್ ಮೆಮೊರಿ" ಎಂಬ ಪದಗಳಿಗಾಗಿ ಹುಡುಕಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿದ್ದರೆ "-ಬಿ -1" ಕೂಡ ಸೇರಿಸಿ, ಹಿಂದಿನ ಸಲದ ಲಾಗ್ ಬರುತ್ತದೆ. "ಕಿಲ್ಡ್ ಪ್ರೊಸೆಸ್" ಎಂಬ ಸಾಲಿನಲ್ಲಿ ಸತ್ತವರ ಹೆಸರು, ಸಂಖ್ಯೆ ಮತ್ತು ಬಳಸುತ್ತಿದ್ದ ಮೆಮೊರಿ ಇರುತ್ತದೆ. ಆ ಸಾಲಿನಲ್ಲಿ ಟೋಟಲ್-ವಿಎಂ ನೋಡಬೇಡಿ, ಅದು ಕೇಳಿಕೊಂಡಿದ್ದ ಲೆಕ್ಕ. ಆನಾನ್-ಆರ್‌ಎಸ್‌ಎಸ್ ನೋಡಿ. ಪ್ರೋಗ್ರಾಂನ ಸ್ವಂತ ಡೇಟಾ ರ‍್ಯಾಮ್‌ನಲ್ಲಿ ಎಷ್ಟು ಕೂತಿತ್ತು ಎಂಬುದು ಅದು.

ಸ್ಕ್ರಿಪ್ಟ್ ಅಥವಾ ಕಂಟೇನರ್‌ನಲ್ಲಿ (ಪ್ರೋಗ್ರಾಂಗೆಂದೇ ಮಾಡಿಟ್ಟ ಪ್ರತ್ಯೇಕ ಆವರಣದಲ್ಲಿ) ಓಡಿಸಿದ್ದರೆ ಎಕ್ಸಿಟ್ ಕೋಡ್, ಅಂದರೆ ಪ್ರೋಗ್ರಾಂ ಮುಗಿದಾಗ ಬಿಟ್ಟುಹೋಗುವ ಸಂಖ್ಯೆ, 137 ಕಾಣಬಹುದು. 128ಕ್ಕೆ 9 ಕೂಡಿಸಿದರೆ 137, ಅಂದರೆ ಸಿಗ್‌ಕಿಲ್ ಬಂದಿದೆ. ಕೊಂದದ್ದು ಓಓಎಂ ಕಿಲ್ಲರ್ರೇ ಎಂದು ಇದೊಂದರಿಂದಲೇ ತೀರ್ಮಾನಿಸಬೇಡಿ, ಬೇರೆ ಯಾರಾದರೂ ಸಿಗ್‌ಕಿಲ್ ಕಳಿಸಿದರೂ ಇದೇ ಸಂಖ್ಯೆ ಬರುತ್ತದೆ. ಲಾಗ್‌ನಲ್ಲಿ "ಮೆಮೊರಿ ಸಿಗ್ರೂಪ್ ಔಟ್ ಆಫ್ ಮೆಮೊರಿ" ಎಂದಿದ್ದರೆ ಇಡೀ ಕಂಪ್ಯೂಟರ್‌ನ ಮೆಮೊರಿ ಮುಗಿದಿಲ್ಲ, ಸಿಗ್ರೂಪ್‌ಗೆ, ಅಂದರೆ ಒಟ್ಟಿಗೆ ಲೆಕ್ಕ ಇಡುವ ಪ್ರೊಸೆಸ್‌ಗಳ ಗುಂಪಿಗೆ, ಹಾಕಿದ್ದ ಮಿತಿ ಮುಗಿದಿದೆ. ಆಗ ಹೊಸ ರ‍್ಯಾಮ್ ಹಾಕಿಸಿದರೆ ಏನೂ ಆಗದು, ಮಿತಿಯನ್ನೇ ಏರಿಸಬೇಕು.

ಎಚ್ಚರಿಕೆ: "ಇನ್ವೋಕ್ಡ್ ಓಓಎಂ-ಕಿಲ್ಲರ್" ಎಂಬ ಸಾಲಿನಲ್ಲಿರುವ ಹೆಸರು ತಪ್ಪಿತಸ್ಥನದಲ್ಲ. ಮೆಮೊರಿ ಮುಗಿದ ಹೊತ್ತಿಗೆ ಪಾಪ ಯಾರು ಕೇಳಿದರೋ ಅವರ ಹೆಸರು ಅದು. ಸತ್ತವರು ಕೂಡ ತಪ್ಪಿತಸ್ಥರೇ ಆಗಿರಬೇಕೆಂದಿಲ್ಲ. ಕರ್ನಲ್ ಸಾಮಾನ್ಯವಾಗಿ ಅತಿ ಹೆಚ್ಚು ಮೆಮೊರಿ ಹಿಡಿದಿರುವವರನ್ನು ಆರಿಸುತ್ತದೆ. ನಿಮ್ಮ ಡೇಟಾಬೇಸ್ ನ್ಯಾಯವಾಗಿಯೇ 6 ಜಿಬಿ ಬಳಸುತ್ತಿದ್ದು, ಪಕ್ಕದಲ್ಲಿ ಸಣ್ಣ ಸಣ್ಣ 200 ಪ್ರೊಸೆಸ್‌ಗಳು ಹುಟ್ಟಿಕೊಂಡು ಉಳಿದದ್ದನ್ನು ತಿಂದರೆ, ಸಾಯುವುದು ಡೇಟಾಬೇಸ್. ಲಾಗ್‌ನಲ್ಲಿ ಆ ಕ್ಷಣದ ಎಲ್ಲ ಪ್ರೊಸೆಸ್‌ಗಳ ಪಟ್ಟಿ ಇರುತ್ತದೆ. ಅದನ್ನು ಪೂರ್ತಿ ಓದಿ.

ಹಂತ 4: ಸ್ವಾಪ್ ಇಟ್ಟುಕೊಳ್ಳಿ, ಆದರೆ ಅತಿಯಾಗಿ ಬೇಡ

8 ಅಥವಾ 16 ಜಿಬಿ ರ‍್ಯಾಮ್ ಇರುವ ಸಾಮಾನ್ಯ ಕಂಪ್ಯೂಟರ್‌ಗೆ 4ರಿಂದ 8 ಜಿಬಿ ಸ್ವಾಪ್ ಸಾಕು ಎಂಬುದು ನನ್ನ ಅಭಿಪ್ರಾಯ. ಹೈಬರ್ನೇಟ್, ಅಂದರೆ ಮೆಮೊರಿಯಲ್ಲಿದ್ದದ್ದನ್ನು ಡಿಸ್ಕ್‌ಗೆ ಬರೆದು ಕಂಪ್ಯೂಟರ್ ಆರಿಸುವ ಸೌಲಭ್ಯ, ಬಳಸುವವರಿಗೆ ಮಾತ್ರ ರ‍್ಯಾಮ್‌ನಷ್ಟೇ ದೊಡ್ಡದು ಇದ್ದರೆ ನೆಮ್ಮದಿ. ತೀರಾ ದೊಡ್ಡ ಸ್ವಾಪ್ ಇಟ್ಟರೆ ಹುಚ್ಚೆದ್ದ ಪ್ರೋಗ್ರಾಂ ಒಂದು ಅದನ್ನೂ ತುಂಬಿಸುವವರೆಗೆ ನೀವು ಸುಮ್ನೆ ಕಾಯುತ್ತಾ ಕೂರಬೇಕಾಗುತ್ತದೆ.

ಸ್ವಾಪ್ ಫೈಲ್ ಮಾಡುವುದು ಕಷ್ಟವಲ್ಲ. "ಡಿಡಿ" ಕಮಾಂಡ್‌ನಿಂದ ಬೇಕಾದ ಗಾತ್ರದ ಫೈಲ್ ಸೃಷ್ಟಿಸಿ. "ಸಿಎಚ್‌ಮಾಡ್ 600" ಕೊಟ್ಟು ರೂಟ್‌ಗೆ, ಅಂದರೆ ಅಡ್ಮಿನ್‌ಗೆ, ಮಾತ್ರ ಓದಲು ಬಿಡಿ, ಯಾಕೆಂದರೆ ಅದರಲ್ಲಿ ನಿಮ್ಮ ಪಾಸ್‌ವರ್ಡ್ ಕೂಡ ಬಂದು ಕೂರಬಹುದು. ಆಮೇಲೆ "ಎಂಕೆಸ್ವಾಪ್", ಆಮೇಲೆ "ಸ್ವಾಪ್‌ಆನ್". ಪ್ರತಿ ಸಲ ತಾನಾಗಿ ಬರಲು ಇಟಿಸಿ ಫೋಲ್ಡರ್‌ನ ಎಫ್‌ಎಸ್‌ಟ್ಯಾಬ್ ಫೈಲ್‌ಗೆ ಒಂದು ಸಾಲು ಸೇರಿಸಿ. ಬದಲಿಸುವ ಮೊದಲು ಆ ಫೈಲ್‌ನ ಒಂದು ಪ್ರತಿ ಇಟ್ಟುಕೊಳ್ಳುವುದನ್ನು ಮರೆಯಬೇಡಿ.

ಡಿಸ್ಕ್ ಬಿಟಿಆರ್‌ಎಫ್‌ಎಸ್ ಮಾದರಿಯದಾಗಿದ್ದರೆ ಈ ದಾರಿ ನೇರವಾಗಿ ನಡೆಯುವುದಿಲ್ಲ. ಅದರದೇ "ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಮ್ ಎಂಕೆಸ್ವಾಪ್‌ಫೈಲ್" ಕಮಾಂಡ್ ಬಳಸಿ.

ಇನ್ನೊಂದು ಒಳ್ಳೆಯ ಆಯ್ಕೆ ಝಡ್‌ರ‍್ಯಾಮ್. ಇದು ಡಿಸ್ಕ್ ಮುಟ್ಟುವುದಿಲ್ಲ. ಬೇಡದ ಪೇಜ್‌ಗಳನ್ನು ಹಿಂಡಿ ಚಿಕ್ಕದು ಮಾಡಿ ರ‍್ಯಾಮ್‌ನಲ್ಲೇ ಇಡುತ್ತದೆ. ಫೆಡೋರಾ ಎಂಬ ಲಿನಕ್ಸ್ ಆವೃತ್ತಿಯಲ್ಲಿ 33ರಿಂದ, ಅಂದರೆ 2020ರಿಂದ, ಇದೇ ಮೂಲ ವ್ಯವಸ್ಥೆ. ಕಡಿಮೆ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಇದರಿಂದ ಆಗುವ ಬದಲಾವಣೆ ನೋಡಿ ನನಗೆ ನಿಜಕ್ಕೂ ಖುಷಿಯಾಗಿದೆ. ಆದರೆ ಫೋಟೋ, ವಿಡಿಯೋ ಥರ ಮೊದಲೇ ಹಿಂಡಿದ ಡೇಟಾ ಮತ್ತೆ ಚಿಕ್ಕದಾಗುವುದಿಲ್ಲ. ಅಂಥ ಕೆಲಸವೇ ಜಾಸ್ತಿ ಇದ್ದರೆ ಝಡ್‌ರ‍್ಯಾಮ್ ಹೆಚ್ಚು ನೆರವಾಗದು.

ಹಂತ 5: ಮೊದಲೇ ಎಚ್ಚೆತ್ತುಕೊಳ್ಳುವ ಕಾವಲುಗಾರ ಇಡಿ

ಕರ್ನಲ್‌ನ ಓಓಎಂ ಕಿಲ್ಲರ್ ತೀರಾ ತಡವಾಗಿ ಬರುತ್ತದೆ. ಬಿಸಾಡಬಹುದಾದ ಒಂದೆರಡು ಪೇಜ್ ಸಿಗುತ್ತಿರುವವರೆಗೂ "ಇನ್ನೂ ಕೆಲಸ ಸಾಗುತ್ತಿದೆ" ಎಂದೇ ಅದರ ಲೆಕ್ಕ. ಕರ್ನಲ್ ಬದುಕಿರುತ್ತದೆ, ಆದರೆ ಪರದೆಯ ಮುಂದೆ ಕೂತ ನಿಮಗೆ ಕಂಪ್ಯೂಟರ್ ಸತ್ತಂತೆಯೇ. ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ.

ಪರಿಹಾರವೆಂದರೆ ಕರ್ನಲ್‌ಗಿಂತ ಮೊದಲೇ ಕೆಲಸ ಮಾಡುವ ಒಂದು ಸಣ್ಣ ಪ್ರೋಗ್ರಾಂ. ಎರಡು ಚಾಲ್ತಿಯಲ್ಲಿವೆ.

ಅರ್ಲಿಓಓಎಂ ತುಂಬಾ ಸರಳ. ಅವೈಲಬಲ್ ಮೆಮೊರಿ ಮತ್ತು ಖಾಲಿ ಸ್ವಾಪ್ ಎರಡೂ ಶೇಕಡಾ 10ಕ್ಕಿಂತ ಕೆಳಗೆ ಇಳಿದರೆ, ದೊಡ್ಡ ಪ್ರೊಸೆಸ್‌ಗೆ ಸಿಗ್‌ಟರ್ಮ್ ಕಳಿಸುತ್ತದೆ. ಸಿಗ್‌ಟರ್ಮ್ ಅಂದರೆ "ದಯವಿಟ್ಟು ಮುಗಿಸು" ಎಂಬ ಸಂಕೇತ, ಪ್ರೋಗ್ರಾಂಗೆ ಫೈಲ್ ಉಳಿಸಲು ಅವಕಾಶ ಸಿಗುತ್ತದೆ. ಶೇಕಡಾ 5ಕ್ಕೂ ಇಳಿದರೆ ಮಾತ್ರ ಸಿಗ್‌ಕಿಲ್.

ಸಿಸ್ಟಮ್‌ಡಿ-ಓಓಎಂಡಿ ಎರಡನೆಯದು. ಇದು ಹಂತ 2ರಲ್ಲಿ ನೋಡಿದ ಪ್ರೆಶರ್ ಲೆಕ್ಕವನ್ನೇ ಬಳಸುತ್ತದೆ. ಫೆಡೋರಾ 34 ಮತ್ತು ಉಬುಂಟು 22.04 ಇದನ್ನು ಮೊದಲೇ ಹಾಕಿಕೊಂಡು ಬಂದವು. ಇದು ಒಂದು ಪ್ರೊಸೆಸ್ ಅನ್ನಲ್ಲ, ಇಡೀ ಸಿಗ್ರೂಪ್ ಅನ್ನೇ ಕೊಲ್ಲುತ್ತದೆ. ಬ್ರೌಸರ್‌ನ ಒಂದು ಟ್ಯಾಬ್ ಹೋಗುವ ಬದಲು ಇಡೀ ಬ್ರೌಸರ್ ಹೋಗಬಹುದು. ಉಬುಂಟು 22.04 ಬಂದಾಗ ಇದರ ಬಗ್ಗೆ ಸಾಕಷ್ಟು ದೂರುಗಳು ಕೇಳಿಬಂದಿದ್ದವು.

ಮನೆಯ ಕಂಪ್ಯೂಟರ್‌ಗೆ ನಾನು ಅರ್ಲಿಓಓಎಂ ಹೇಳುತ್ತೇನೆ. ಎರಡನ್ನೂ ಒಟ್ಟಿಗೆ ಓಡಿಸಬೇಡಿ. ಯಾರು ಯಾವಾಗ ಕೊಂದರು ಎಂದು ಹುಡುಕುವುದೇ ಕೆಲಸವಾಗುತ್ತದೆ.

ಹಂತ 6: ಯಾರು ಉಳಿಯಬೇಕು ಎಂದು ಹೇಳಿಡಿ

ಪ್ರತಿ ಪ್ರೊಸೆಸ್‌ಗೂ ಓಓಎಂ-ಸ್ಕೋರ್-ಅಡ್ಜ್ ಎಂಬ ಒಂದು ಸಂಖ್ಯೆ ಇದೆ. ಮೈನಸ್ 1000ದಿಂದ 1000ದವರೆಗೆ ಏನು ಬೇಕಾದರೂ ಕೊಡಬಹುದು. ಜಾಸ್ತಿ ಕೊಟ್ಟಷ್ಟೂ ಮೊದಲು ಸಾಯುವ ಸಾಧ್ಯತೆ ಹೆಚ್ಚು. 500 ಕೊಟ್ಟರೆ, ಆ ಪ್ರೊಸೆಸ್ ಈಗ ಬಳಸುತ್ತಿರುವುದರ ಮೇಲೆ ಒಟ್ಟು ಮೆಮೊರಿಯ ಅರ್ಧದಷ್ಟನ್ನು ಕೂಡಿಸಿ ಲೆಕ್ಕ ಹಾಕಿದ ಹಾಗೆ. ಮೈನಸ್ 1000 ಕೊಟ್ಟರೆ ಓಓಎಂ ಕಿಲ್ಲರ್ ಅದನ್ನು ಮುಟ್ಟುವುದಿಲ್ಲ. ಕ್ರೋಮಿಯಂ ಬ್ರೌಸರ್ ತನ್ನ ಟ್ಯಾಬ್‌ಗಳಿಗೆ ತಾನೇ 300 ಕೊಟ್ಟುಕೊಳ್ಳುತ್ತದೆ, ಟ್ಯಾಬ್ ಹೋದರೂ ಬ್ರೌಸರ್ ಉಳಿಯಲಿ ಅಂತ. ದೂರದ ಸರ್ವರ್‌ಗೆ ನಮ್ಮನ್ನು ಒಳಗೆ ಬಿಡುವ ಎಸ್‌ಎಸ್‌ಎಚ್‌ನ ಮುಖ್ಯ ಪ್ರೊಸೆಸ್ ತನಗೆ ಮೈನಸ್ 1000 ಹಾಕಿಕೊಳ್ಳುತ್ತದೆ. ಅದೇ ಸತ್ತರೆ ಸರಿಪಡಿಸಲು ಒಳಗೆ ಹೋಗುವ ದಾರಿಯೇ ಮುಚ್ಚುತ್ತದೆ, ಅಲ್ವಾ?

ಎಚ್ಚರಿಕೆ: ಮುಖ್ಯ ಎನಿಸಿದ್ದಕ್ಕೆಲ್ಲ ಮೈನಸ್ 1000 ಕೊಡಬೇಡಿ. ಈ ಸಂಖ್ಯೆ ಮಕ್ಕಳಿಗೂ, ಅಂದರೆ ಆ ಪ್ರೊಸೆಸ್ ಹುಟ್ಟಿಸುವ ಪ್ರೊಸೆಸ್‌ಗಳಿಗೂ ಹೋಗುತ್ತದೆ. ಮೆಮೊರಿ ಸೋರಿಸುವ, ಅಂದರೆ ತೆಗೆದುಕೊಂಡದ್ದನ್ನು ಬಿಟ್ಟುಕೊಡದ, ಪ್ರೋಗ್ರಾಂಗೇ ಇದು ಸಿಕ್ಕಿದರೆ, ಅದೊಂದನ್ನು ಬಿಟ್ಟು ಉಳಿದವರೆಲ್ಲ ಸಾಯುತ್ತಾರೆ.

ಅಂಕ ಕೊಡುವುದಕ್ಕಿಂತ ಮಿತಿ ಹಾಕುವುದು ಇನ್ನೂ ಒಳ್ಳೆಯದು. "ಸಿಸ್ಟಮ್‌ಡಿ-ರನ್" ಕಮಾಂಡ್‌ನಿಂದ ಯಾವುದೇ ಪ್ರೋಗ್ರಾಂ ಅನ್ನು ಮಿತಿಯೊಳಗೆ ಓಡಿಸಬಹುದು. ಮೆಮೊರಿಮ್ಯಾಕ್ಸ್ ಎಂಬುದು ಗಟ್ಟಿ ಗೋಡೆ. ದಾಟಲು ಹೋದಾಗ ಜಾಗ ತೆರವು ಮಾಡಲಾಗದಿದ್ದರೆ ಆ ಗುಂಪಿನೊಳಗೆ ಮಾತ್ರ ಕೊಲೆ ನಡೆಯುತ್ತದೆ, ಹೊರಗಿನವರಿಗೆ ತೊಂದರೆಯಿಲ್ಲ. ಮೆಮೊರಿಹೈ ಎಂಬುದು ಮೆತ್ತಗಿನ ಮಿತಿ. ದಾಟಿದರೆ ಪ್ರೋಗ್ರಾಂ ನಿಧಾನವಾಗುತ್ತದೆ, ಸಾಯುವುದಿಲ್ಲ. ರಾತ್ರಿಯಿಡೀ ಓಡುವ ಕೆಲಸಕ್ಕೆ ಎರಡನ್ನೂ ಹಾಕಿ, ಹೈ ಸ್ವಲ್ಪ ಕೆಳಗೆ, ಮ್ಯಾಕ್ಸ್ ಸ್ವಲ್ಪ ಮೇಲೆ.

ಓವರ್‌ಕಮಿಟ್ ಅನ್ನೇ ನಿಲ್ಲಿಸಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ನಿಲ್ಲಿಸಬಹುದು, ವಿಎಂ-ಓವರ್‌ಕಮಿಟ್-ಮೆಮೊರಿ ಎಂಬ ಸೆಟ್ಟಿಂಗ್‌ಗೆ 2 ಕೊಡಬೇಕು. ಆದರೆ ಆಗ ಮಿತಿ ಎಂದರೆ ಸ್ವಾಪ್‌ಗೆ ರ‍್ಯಾಮ್‌ನ ಶೇಕಡಾ 50 ಮಾತ್ರ ಕೂಡಿಸಿದಷ್ಟು, ನೀವು ಬದಲಿಸದಿದ್ದರೆ. ಅರ್ಧ ರ‍್ಯಾಮ್ ಖಾಲಿ ಇದ್ದಾಗಲೇ ಪ್ರೋಗ್ರಾಂಗಳು ಮೆಮೊರಿ ಇಲ್ಲ ಎಂದು ಬಿದ್ದುಹೋಗಬಹುದು. ಬ್ರೌಸರ್ ಥರದ ಪ್ರೋಗ್ರಾಂಗಳು ಬಳಸುವುದಕ್ಕಿಂತ ಎಷ್ಟೋ ಜಾಸ್ತಿ ಕೇಳಿಡುತ್ತವೆ. ಡೇಟಾಬೇಸ್ ಒಂದೇ ಓಡುವ ಸರ್ವರ್ ಆದರೆ ಸರಿ, ಮನೆಯ ಕಂಪ್ಯೂಟರ್‌ಗೆ ಬೇಡ.

ಹಂತ 7: ಈಗಾಗಲೇ ನಿಂತುಹೋಗಿದ್ದರೆ

ಪವರ್ ಬಟನ್ ಒತ್ತುವ ಮೊದಲು ಆಲ್ಟ್, ಸಿಸ್‌ಆರ್‌ಕ್ಯು, ಎಫ್ ಮೂರನ್ನೂ ಒಟ್ಟಿಗೆ ಒತ್ತಿ. ಸಿಸ್‌ಆರ್‌ಕ್ಯು ಹೆಚ್ಚಾಗಿ ಪ್ರಿಂಟ್‌ಸ್ಕ್ರೀನ್ ಕೀ ಮೇಲೆಯೇ ಇರುತ್ತದೆ. ಇದು ಓಓಎಂ ಕಿಲ್ಲರ್ ಅನ್ನು ಕೈಯಾರೆ ಕರೆಯುವ ದಾರಿ. ಒಂದು ಪ್ರೊಸೆಸ್ ಸಾಯುತ್ತದೆ, ಕಂಪ್ಯೂಟರ್ ಉಸಿರಾಡುತ್ತದೆ.

ಆದರೆ ಉಬುಂಟು, ಫೆಡೋರಾದಂಥ ಹಲವು ಕಡೆ ಈ ಕೀ ಮೊದಲಿನಿಂದ ಚಾಲೂ ಇರುವುದಿಲ್ಲ. ಕರ್ನಲ್-ಸಿಸ್‌ಆರ್‌ಕ್ಯು ಸೆಟ್ಟಿಂಗ್‌ನಲ್ಲಿ 64ರ ಬಿಟ್ ಸೇರಿರಬೇಕು. ಉಬುಂಟುವಿನಲ್ಲಿ 176 ಇದ್ದರೆ ಅದಕ್ಕೆ 64 ಕೂಡಿಸಿ 240 ಮಾಡಿ. ಇದನ್ನು ಇವತ್ತೇ ಮಾಡಿಡಿ, ನಿಂತುಹೋದ ಮೇಲೆ ಮಾಡಲಾಗದು.

ವಿಂಡೋಸ್, ಮ್ಯಾಕ್, ಫೋನ್

ವಿಂಡೋಸ್ ಓವರ್‌ಕಮಿಟ್ ಮಾಡುವುದಿಲ್ಲ. ರ‍್ಯಾಮ್ ಮತ್ತು ಪೇಜ್‌ಫೈಲ್, ಅಂದರೆ ಅಲ್ಲಿನ ಸ್ವಾಪ್, ಎರಡೂ ಕೂಡಿದಷ್ಟು ಮಾತ್ರ ಕೊಡುತ್ತದೆ. ಆದ್ದರಿಂದ ಅಲ್ಲಿ ರ‍್ಯಾಮ್ ಖಾಲಿ ಇದ್ದರೂ "ಮೆಮೊರಿ ಇಲ್ಲ" ಎಂದು ಬರುವುದುಂಟು. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಕಮಿಟೆಡ್ ಎಂಬಲ್ಲಿ ಎರಡು ಸಂಖ್ಯೆ ನೋಡಿ. ಎರಡೂ ಹತ್ತಿರ ಬಂದಿದ್ದರೆ ಅಪಾಯ. ಈವೆಂಟ್ ವ್ಯೂವರ್‌ನಲ್ಲಿ 2004 ಎಂಬ ಸಂಖ್ಯೆಯ ರಿಸೋರ್ಸ್ ಎಕ್ಸಾಶನ್ ದಾಖಲೆ ಇದ್ದರೆ, ಯಾರು ಹೆಚ್ಚು ಕೇಳಿಟ್ಟಿದ್ದರು ಎಂದು ಅಲ್ಲೇ ಬರೆದಿರುತ್ತದೆ. ಪೇಜ್‌ಫೈಲ್ ತೆಗೆಯಬೇಡಿ.

ಮ್ಯಾಕ್ 2013ರ ಮ್ಯಾವೆರಿಕ್ಸ್‌ನಿಂದ ಮೆಮೊರಿ ಹಿಂಡುತ್ತದೆ, ಆಮೇಲೆ ಡಿಸ್ಕ್‌ನಲ್ಲಿ ಬೇಕಾದಂತೆ ಸ್ವಾಪ್ ಬೆಳೆಸುತ್ತದೆ. ಆಕ್ಟಿವಿಟಿ ಮಾನಿಟರ್‌ನ ಮೆಮೊರಿ ಪ್ರೆಶರ್ ಗೆರೆ ಹಸಿರಿದ್ದರೆ ಸಾಕು, ಬೇರೆ ಸಂಖ್ಯೆಗಳನ್ನು ಬಿಡಿ. ಡಿಸ್ಕ್ ತುಂಬಿದ್ದರೆ ಸ್ವಾಪ್‌ಗೂ ಜಾಗವಿಲ್ಲ. ಆ್ಯಪ್ ಮುಚ್ಚಿ ಎಂದು ಕೇಳುವ ಕಿಟಕಿ ಪದೇ ಪದೇ ಬರುತ್ತಿದ್ದರೆ ಮೊದಲು ಡಿಸ್ಕ್ ನೋಡಿ.

ಆಂಡ್ರಾಯ್ಡ್‌ನಲ್ಲಿ ಹಿಂದೆ ಸರಿದ ಆ್ಯಪ್‌ಗಳನ್ನು ಮುಚ್ಚುವ ಕೆಲಸಕ್ಕೇ ಎಲ್‌ಎಂಕೆಡಿ ಎಂಬ ಭಾಗವಿದೆ. ನೀವು ಆಗಾಗ ಎಲ್ಲ ಆ್ಯಪ್ ಉಜ್ಜಿ ತೆಗೆಯುವ ಅಗತ್ಯವಿಲ್ಲ. ತೆಗೆದದ್ದನ್ನು ಮತ್ತೆ ತೆರೆಯಲು ಬ್ಯಾಟರಿ ಜಾಸ್ತಿ ಬೇಕು.

ಹಂತ 8: ಕೆಲಸ ಮಾಡುತ್ತಿದೆಯೇ ಪರೀಕ್ಷಿಸಿ

ಲಿನಕ್ಸ್‌ನಲ್ಲಿ ಮಾಡಿದ್ದೆಲ್ಲ ಸರಿಯಿದೆಯೇ ಎಂದು ತಿಳಿಯಲು ಒಂದು ಸಣ್ಣ ಪರೀಕ್ಷೆ. ತೆರೆದ ಫೈಲ್‌ಗಳನ್ನೆಲ್ಲ ಮೊದಲು ಉಳಿಸಿ. "ಸಿಸ್ಟಮ್‌ಡಿ-ರನ್" ಕಮಾಂಡ್‌ಗೆ ಯೂಸರ್ ಮತ್ತು ಸ್ಕೋಪ್ ಆಯ್ಕೆ ಕೊಡಿ. ಮೆಮೊರಿಮ್ಯಾಕ್ಸ್ 500ಎಂ (ಎಂ ದೊಡ್ಡಕ್ಷರ) ಎಂದೂ, ಮೆಮೊರಿಸ್ವಾಪ್‌ಮ್ಯಾಕ್ಸ್ 0 ಎಂದೂ ಹಾಕಿ. ಎರಡನೆಯದನ್ನು ಮರೆತರೆ ಪ್ರೋಗ್ರಾಂ ಸ್ವಾಪ್‌ಗೆ ಹರಿದುಹೋಗುತ್ತದೆ, ಸ್ವಾಪ್ ತುಂಬುವವರೆಗೂ ಪರೀಕ್ಷೆ ಮುಗಿಯುವುದಿಲ್ಲ. ಓಡಿಸಬೇಕಾದ ಪ್ರೋಗ್ರಾಂ ಆಗಿ "ಟೇಲ್" ಕೊಟ್ಟು, ಡೆವ್ ಫೋಲ್ಡರ್‌ನ ಝೀರೋ ಫೈಲ್ ತೋರಿಸಿ. ಆ ಫೈಲ್‌ಗೆ ಕೊನೆಯೇ ಇಲ್ಲ, ಸಾಲು ಮುರಿಯುವ ಗುರುತೂ ಇಲ್ಲ. ಕೊನೆಯ ಸಾಲು ಹುಡುಕುತ್ತಾ ಟೇಲ್ ಎಲ್ಲವನ್ನೂ ಮೆಮೊರಿಯಲ್ಲಿ ತುಂಬಿಕೊಳ್ಳುತ್ತಾ ಹೋಗುತ್ತದೆ.

ಒಂದೆರಡು ಸೆಕೆಂಡಿನಲ್ಲಿ ಟರ್ಮಿನಲ್‌ನಲ್ಲಿ "ಕಿಲ್ಡ್" ಎಂದು ಬರಬೇಕು. "ಎಕೋ" ಕಮಾಂಡ್‌ಗೆ ಡಾಲರ್ ಮತ್ತು ಪ್ರಶ್ನೆ ಚಿಹ್ನೆ ಕೊಟ್ಟು ನೋಡಿ, 137 ಕಾಣುತ್ತದೆ. ಲಾಗ್‌ನಲ್ಲಿ ಸಿಗ್ರೂಪ್‌ನ ಸಾಲು ಇರುತ್ತದೆ. ಈ ಹೊತ್ತಿನಲ್ಲಿ ಬ್ರೌಸರ್ ಮತ್ತು ಮೌಸ್ ಎಂದಿನಂತೆಯೇ ಓಡುತ್ತಿದ್ದರೆ ನಿಮ್ಮ ಮಿತಿ ಸರಿಯಾಗಿ ಕೂತಿದೆ. ಟೇಲ್ ಸಾಯದೆ ಕಂಪ್ಯೂಟರ್ ನಿಧಾನವಾದರೆ ತಕ್ಷಣ ಕಂಟ್ರೋಲ್-ಸಿ ಒತ್ತಿ, ಎರಡು ಮಿತಿಗಳ ಕಾಗುಣಿತವನ್ನು ಮತ್ತೊಮ್ಮೆ ನೋಡಿ.